ನಿನ್ನ ಉಮ್ಮನ ಹೆಸರೇನು?

ನಿಮ್ಮ ನಾಲ್ಕು ವರ್ಷದ ಮಗುವನ್ನು ಹತ್ತಿರ ಕರೆದು, "ನಿನ್ನ ಉಮ್ಮನ ಹೆಸರೇನು?" ಎಂದು ಕೇಳಿ ನೋಡಿ. ಹೆಚ್ಚಿನ ಮಕ್ಕಳು ಇದೆಂಥಾ ಪ್ರಶ್ನೆ ಎಂಬಂತೆ ನಿಮ್ಮ ಮುಖ ನೋಡಿ, "ಉಮ್ಮ" ಎನ್ನುತ್ತಾರೆ.

ಕೆಲ ಸಮಯದ ಹಿಂದೆ ಒಂದು ಮದುವೆ ಹಾಲ್‌ನಲ್ಲಿ ಪುಟ್ಟ ಹುಡುಗಿಯೊಬ್ಬಳು ನನ್ನ ಬುರ್ಖಾದ ತುದಿ ಹಿಡಿದುಕೊಂಡು ಊಟದ ಕೋಣೆಯಿಂದ ಗೇಟಿನವರೆಗೂ ಬಂದಿದ್ದಳು. ನಾನು ತಿರುಗಿದಾಗಲೇ ಅವಳಿಗೆ ತಾನು ಹಿಡಿದದ್ದು ಬೇರೆ ಯಾರದೋ ಬುರ್ಖಾ ಎಂದು ಗೊತ್ತಾದದ್ದು. ಅವಳನ್ನು ದೂರಿ ಫಲವೇನು? ಅಷ್ಟೆತ್ತರದ ಮಗುವಿನ ಕಣ್ಣಿಗೆ ಕಾಣುವುದು ಕಪ್ಪು ಬಟ್ಟೆ ಮಾತ್ರ, ಮುಖ ಎಲ್ಲೋ ಮೇಲಿರುತ್ತದೆ. ತಾಯಿಯ ಹೆಸರು ಕೇಳಿದೆ, "ಉಮ್ಮ" ಎಂದಳು. ತಂದೆಯ ಹೆಸರು? "ಅಬ್ಬ." ಮನೆ ಎಲ್ಲಿ? "ಮಸೀದಿಯ ಹತ್ತಿರ." ನಮ್ಮಲ್ಲಿ ಯಾರ ಮನೆ ತಾನೇ ಮಸೀದಿಯ ಹತ್ತಿರ ಇಲ್ಲ! ಕೊನೆಗೆ ಅವಳ ಫ್ರಾಕಿನ ಬಣ್ಣ ಹೇಳಿ ಮೈಕಿನಲ್ಲಿ ಕೂಗಿಸಬೇಕಾಯಿತು. ಅಳುತ್ತಾ ಓಡಿಬಂದ ತಾಯಿ ಮಗಳನ್ನು ಎತ್ತಿಕೊಂಡು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಮೂರು ಸೂರಃ ಬಾಯಿಪಾಠ ಬರುತ್ತದೆ ಇವಳಿಗೆ. ನನ್ನ ನಂಬರ್ ಮಾತ್ರ ಕಲಿಸಲಿಲ್ಲ."

ಮೂರು ಸೂರಃ ಕಲಿತ ನಾಲಗೆಗೆ ಹತ್ತು ಅಂಕಿ ಎಷ್ಟರ ಕೆಲಸ? ಸೂರಃ ಕಲಿಸಿದ ಹಾಗೆಯೇ ಕಲಿಸಿ. ನಂಬರನ್ನು ಮೂರು ತುಂಡು ಮಾಡಿ ಒಂದು ರಾಗ ಕೊಡಿ. ಬೆಳಿಗ್ಗೆ ತಲೆ ಬಾಚುವಾಗ ಮೊದಲ ತುಂಡು, ತುತ್ತು ಕೊಡುವಾಗ ಎರಡನೆಯದು, ಮಲಗುವ ದುಆ ಹೇಳಿಸಿದ ಮೇಲೆ ಮೂರನೆಯದು. ಕೆಲವೇ ದಿನಗಳಲ್ಲಿ ಮಗು ನಿಮಗೇ ಸಾಕೆನಿಸುವಷ್ಟು ಹಾಡುತ್ತಿರುತ್ತದೆ.

ಹೆಸರಿನ ವಿಷಯದಲ್ಲಿ ಕೆಲವು ಮನೆಗಳಲ್ಲಿ ಹಿರಿಯರಿಗೆ ಹಿಂಜರಿಕೆ ಇದೆ. ತಾಯಿಯ ಹೆಸರನ್ನು ಮಗು ಬೀದಿಯಲ್ಲಿ ಹೇಳುವುದು ಸಭ್ಯತೆಯಲ್ಲವಂತೆ. ಪ್ರವಾದಿಯವರ(ಸ) ತಾಯಿ ಆಮಿನಾ ಎಂದು, ಪತ್ನಿಯರು ಖದೀಜಾ(ರ), ಆಯಿಷಾ(ರ) ಎಂದು ನಮ್ಮ ಮದ್ರಸದ ಮಕ್ಕಳೆಲ್ಲ ಜೋರಾಗಿ ಹೇಳುತ್ತಾರೆ. ಆ ಹೆಸರುಗಳಿಗಿಲ್ಲದ ಸಂಕೋಚ ನಮ್ಮ ಹೆಸರಿಗೇಕೆ?

"ಅಪರಿಚಿತರೊಡನೆ ಮಾತಾಡಬೇಡ" ಎಂದು ನಾವೆಲ್ಲ ಹೇಳಿಕೊಡುತ್ತೇವೆ. ಆದರೆ ತಪ್ಪಿಸಿಕೊಂಡ ಮಗುವಿಗೆ ಸುತ್ತಲಿರುವವರೆಲ್ಲ ಅಪರಿಚಿತರೇ. ಹಾಗಾದಾಗ ಯಾರ ಬಳಿ ಹೋಗಬೇಕು ಎಂದೂ ಹೇಳಿಕೊಡಬೇಡವೇ? ನಿಂತಲ್ಲೇ ನಿಲ್ಲು, ಉಮ್ಮನ ಹೆಸರು ಹಿಡಿದು ಕೂಗು, ಮಗುವನ್ನು ಕರೆದುಕೊಂಡು ಬಂದಿರುವ ಹೆಂಗಸೊಬ್ಬರಿಗೆ ಹೇಳು, ಯಾರ ಜೊತೆಯೂ ಗೇಟು ದಾಟಬೇಡ. ಇಷ್ಟನ್ನು ಈದ್ ಖರೀದಿಗೆ ಹೋದಾಗ ಬಟ್ಟೆ ಅಂಗಡಿಯಲ್ಲೇ ಆಟವಾಡಿಸಿ. "ಈಗ ನಾನು ಕಾಣಿಸದಿದ್ದರೆ ಇಲ್ಲಿ ಯಾರನ್ನು ಕೇಳುತ್ತೀಯಾ?" ಮಗು ಸುತ್ತ ನೋಡಿ ಬೆರಳು ತೋರಿಸಲಿ.

ಇನ್ನೊಂದು ಪಾಠವನ್ನು ನಾವು ಯಾರೂ ಕಲಿಸುವುದೇ ಇಲ್ಲ. 2025ರ ಮೇ ತಿಂಗಳಲ್ಲಿ ಆಂಧ್ರಪ್ರದೇಶದ ವಿಜಯನಗರಂ ಜಿಲ್ಲೆಯ ಹಳ್ಳಿಯೊಂದರಲ್ಲಿ ಆಟವಾಡಲು ಹೋದ ನಾಲ್ಕು ಪುಟ್ಟ ಮಕ್ಕಳು ನಿಲ್ಲಿಸಿದ್ದ ಕಾರಿನೊಳಗೆ ಸೇರಿಕೊಂಡರು. ಬಾಗಿಲು ತೆರೆಯಲಾಗದೆ ಉಸಿರುಗಟ್ಟಿ ನಾಲ್ವರೂ ತೀರಿಕೊಂಡರು. ಮನೆಯವರು ಊರೆಲ್ಲ ಹುಡುಕುತ್ತಿದ್ದರು. ಬಿಸಿಲಿನಲ್ಲಿ ನಿಂತ ಕಾರು ನಿಮಿಷಗಳಲ್ಲೇ ಕಾದ ಒಲೆಯಾಗುತ್ತದೆ, ಮಗುವಿನ ಮೈ ದೊಡ್ಡವರದ್ದಕ್ಕಿಂತ ಬೇಗ ಬಿಸಿಯೇರುತ್ತದೆ. ಗಾಜು ಒಂದಿಷ್ಟು ಇಳಿಸಿಟ್ಟರೆ ಸಾಕೆಂಬುದು ತಪ್ಪು ತಿಳಿವಳಿಕೆ.

ಕಾರಿನ ಬೀಗ ಹಾಕಿ ಕೀಲಿಯನ್ನು ಎತ್ತರದಲ್ಲಿಡುವುದು ದೊಡ್ಡವರ ಕೆಲಸ. ಮಗುವಿಗೆ ಕಲಿಸಬೇಕಾದದ್ದು ಹಾರ್ನ್. ಹೆಚ್ಚಿನ ಕಾರುಗಳಲ್ಲಿ ಕೀಲಿ ಇಲ್ಲದೆಯೂ ಹಾರ್ನ್ ಕೂಗುತ್ತದೆ. ನಿಮ್ಮದರಲ್ಲಿ ಕೂಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಹಿಂದಿನ ಬಾಗಿಲಿಗೆ ಮಕ್ಕಳ ಲಾಕ್ ಹಾಕಿದ್ದರೆ ಅದು ಒಳಗಿನಿಂದ ತೆರೆಯುವುದಿಲ್ಲ. ಆದ್ದರಿಂದ ಮುಂದಿನ ಸೀಟಿಗೆ ಹತ್ತು, ಬಾಗಿಲಿನ ಹಿಡಿ ಎಳೆ, ಮತ್ತೊಮ್ಮೆ ಎಳೆ, ಆಗದಿದ್ದರೆ ಯಾರಾದರೂ ಬರುವವರೆಗೆ ಹಾರ್ನ್ ಒತ್ತುತ್ತಲೇ ಇರು. ತವರಿಗೆ ಹೊರಟ ದಿನ, ಸಾಮಾನು ಇಳಿಸಿದ ಮೇಲೆ, ನೀವು ಪಕ್ಕದಲ್ಲೇ ಇದ್ದು ಒಂದೆರಡು ಬಾರಿ ಮಾಡಿಸಿ. ನೆರೆಯವರು ಗೊಣಗಿದರೆ ಗೊಣಗಲಿ.

ಮನೆಯಲ್ಲಿ ದೊಡ್ಡವರೇ ತಲೆತಿರುಗಿ ಬಿದ್ದರೆ? ಲಾಕ್ ಆಗಿರುವ ಮೊಬೈಲಿನಿಂದಲೂ 112ಕ್ಕೆ ಕರೆ ಹೋಗುತ್ತದೆ. ಆಟಕ್ಕಾಗಿ ನಮ್ಮ ಫೋನು ಕಸಿದುಕೊಳ್ಳುವ ಮಕ್ಕಳು ಇದನ್ನೂ ಕಲಿಯಲಿ. ಅಭ್ಯಾಸ ಮಾಡಿಸುವಾಗ ಕರೆ ಹೋಗದಂತೆ ನೋಡಿಕೊಂಡರಾಯಿತು. ಬಟ್ಟೆಗೆ ಬೆಂಕಿ ತಗಲಿದರೆ ಓಡಬಾರದು, ನೆಲಕ್ಕೆ ಬಿದ್ದು ಉರುಳಬೇಕು. ಚಾಪೆಯ ಮೇಲೆ ಉರುಳುವ ಆಟ ಬೇಡವೆನ್ನುವ ಮಗುವನ್ನು ನಾನು ಕಂಡಿಲ್ಲ. ಮಲಗುವಾಗ ಮನೆಯಲ್ಲಿ ಬೆಂಕಿ ಉರಿಯಲು ಬಿಡಬೇಡಿ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರಲ್ಲ, ರಾತ್ರಿ ಗ್ಯಾಸ್ ಆಫ್ ಆಗಿದೆಯೇ ಎಂದು ನೋಡಿಬರುವ ಕೆಲಸವನ್ನು ಮಗುವಿಗೇ ಕೊಡಿ, ಮುಟ್ಟದೆ ನೋಡಿಬಂದು ನಿಮಗೆ ಹೇಳಲಿ.

ಸೂರಃ ಅನ್ನೂರ್‌ನ 58ನೇ ವಚನ ಪ್ರಾಯಕ್ಕೆ ಬಾರದ ಮಕ್ಕಳೂ ಮೂರು ಹೊತ್ತು ಅನುಮತಿ ಕೇಳಿ ಒಳಬರಬೇಕೆಂದು ಕಲಿಸುತ್ತದೆ: ಫಜ್ರ್‌ಗೆ ಮುಂಚೆ, ಮಧ್ಯಾಹ್ನ ಬಟ್ಟೆ ಸಡಿಲಿಸುವಾಗ, ಇಶಾದ ನಂತರ. ಇದನ್ನು ನಾವು ದೊಡ್ಡವರ ಮರ್ಯಾದೆಗಾಗಿ ಮಾತ್ರ ಕಲಿಸುತ್ತೇವೆ. ಅದೇ ಹೊತ್ತಿಗೆ, ನಿನ್ನ ಮೈಗೂ ಇಂಥದೇ ಬಾಗಿಲಿದೆ, ಮಾವನಾಗಲಿ ಉಸ್ತಾದರಾಗಲಿ ನಿನಗೆ ಬೇಡವೆನಿಸುವಂತೆ ಮುಟ್ಟಿದರೆ ಬೇಡ ಎಂದು ಕೂಗಿ ನನ್ನ ಬಳಿ ಓಡಿ ಬಾ ಎಂದೂ ಹೇಳಬಹುದು. ಹಾಗೆ ಓಡಿ ಬಂದಾಗ "ಸುಮ್ಮನಿರು, ಅವರು ಹಾಗೆಲ್ಲ ಮಾಡುವವರಲ್ಲ" ಎಂದು ಬಾಯಿ ಮುಚ್ಚಿಸಿದರೆ ಎರಡನೇ ಸಲ ಅದು ಬರುವುದಿಲ್ಲ. ಮಕ್ಕಳ ಸಹಾಯವಾಣಿ 1098 ಇರುವುದು ಇಂಥ ಹೊತ್ತಿಗೇ.

ಅಂದಹಾಗೆ, ಇತ್ತೀಚೆಗೆ ನೀವು ಸಿಮ್ ಬದಲಾಯಿಸಿದ್ದರೆ ಮಗುವಿನ ಬಾಯಲ್ಲಿರುವುದು ಹಳೆಯ ನಂಬರ್. ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಮ್ಮೆ ಹೇಳಿಸಿ ನೋಡಿ.