ಮನೆಯಲ್ಲೇ ಕುಳಿತು ಡಯೆಟೀಶಿಯನ್ ಆಗಬಹುದೇ?

ಪಿಯುಸಿ ಮುಗಿದ ಕೂಡಲೇ ಮದುವೆ, ಬೆನ್ನಿಗೇ ಮಕ್ಕಳು. ಆದರೂ ಓದುವ ಆಸೆ ಆರಿಲ್ಲ. ಇಂತಹ ಸಹೋದರಿಯರ ಮೊಬೈಲ್‌ಗೆ ‘ಮನೆಯಲ್ಲೇ ಕುಳಿತು ಪೌಷ್ಟಿಕ ಆಹಾರದಲ್ಲಿ ಆನ್‌ಲೈನ್ ಪದವಿ’ ಎಂಬ ಜಾಹೀರಾತು ಬಂದರೆ ಮನಸ್ಸು ಅತ್ತ ವಾಲುವುದು ಸಹಜ.

ಆಸೆ ಒಳ್ಳೆಯದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ರಮಝಾನ್‌ನಲ್ಲಿ ಮಧುಮೇಹಿಗಳು ಸಹರಿಗೆ ಏನು ತಿನ್ನಬೇಕು, ಇಫ್ತಾರ್‌ನಲ್ಲಿ ಕರಿದ ತಿಂಡಿಯ ಬದಲು ಏನಿರಬೇಕು ಎಂಬುದನ್ನು ನಮ್ಮ ಅಡುಗೆಮನೆಯನ್ನು ಬಲ್ಲ ತಜ್ಞೆ ಹೇಳಿದರೆ ಮಾತು ಬೇಗ ನಾಟುತ್ತದೆ.

ಆದರೆ ಹಣ ಕಟ್ಟುವ ಮುನ್ನ ಒಂದು ವಿಷಯ ತಿಳಿದಿರಲಿ. ಆಹಾರ ಮತ್ತು ಪೌಷ್ಟಿಕತೆ, ಡಯೆಟಿಕ್ಸ್ ಮುಂತಾದ ವಿಷಯಗಳಲ್ಲಿ ಆನ್‌ಲೈನ್ ಹಾಗೂ ದೂರಶಿಕ್ಷಣದ ಮೂಲಕ ಹೊಸ ಪ್ರವೇಶ ನೀಡಬಾರದೆಂದು ಯುಜಿಸಿ 2025ರ ಜುಲೈ-ಆಗಸ್ಟ್ ಸಾಲಿನಿಂದ ನಿರ್ಬಂಧಿಸಿದೆ. ಆರೋಗ್ಯ ವೃತ್ತಿಗಳಿಗೆ ಸಂಬಂಧಿಸಿದ 2021ರ ಕಾಯ್ದೆಯ ವ್ಯಾಪ್ತಿಗೆ ಬರುವ ಇತರ ಕೋರ್ಸ್‌ಗಳಿಗೂ ಇದು ಅನ್ವಯ. ವೃತ್ತಿ ತರಬೇತಿಯ ಗುಣಮಟ್ಟ ಕಾಪಾಡುವುದು ಇದರ ಉದ್ದೇಶ.

ಇದರ ಹಿಂದಿನ ಕಾರಣ ಅರ್ಥವಾಗುವಂಥದ್ದೇ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಎಳನೀರು, ಬಾಳೆಹಣ್ಣು ಕೂಡ ಪೊಟ್ಯಾಸಿಯಂ ಹೆಚ್ಚಿಸಿ ಅಪಾಯ ತರಬಹುದು. ಇಂತಹ ಸೂಕ್ಷ್ಮಗಳನ್ನು ಆಸ್ಪತ್ರೆಯಲ್ಲಿ ರೋಗಿಗಳ ಮುಂದೆ ನಿಂತೇ ಕಲಿಯಬೇಕು.

ಹಾಗಾದರೆ ದಾರಿ ಯಾವುದು?

ವೃತ್ತಿಯಾಗಿಯೇ ಬೇಕೆನ್ನುವವರು ಕಾಲೇಜಿಗೆ ಹೋಗಿ ಓದಬೇಕು. ರಾಜ್ಯದ ಹಲವು ಕಾಲೇಜುಗಳಲ್ಲಿ ಗೃಹವಿಜ್ಞಾನ, ಪೌಷ್ಟಿಕತೆಯ ಪದವಿಗಳಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ವಿಜ್ಞಾನ ಕಾಲೇಜು ಇದೆ. ಹೆಚ್ಚಿನ ಕಡೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕಾಗುತ್ತದೆ. ಆದ್ದರಿಂದ ಹೆತ್ತವರು ಎಸೆಸೆಲ್ಸಿ ಮುಗಿದಾಗಲೇ ಮಗಳೊಂದಿಗೆ ಕುಳಿತು ಯೋಚಿಸುವುದು ಒಳಿತು.

ಮನೆಗೂ ನೆರೆಹೊರೆಗೂ ಉಪಯೋಗವಾಗುವಷ್ಟು ಅರಿವು ಸಾಕೆನ್ನುವವರಿಗೆ ಕೇಂದ್ರ ಸರಕಾರದ ‘ಸ್ವಯಂ’ ವೇದಿಕೆಯಲ್ಲಿ ಉಚಿತ ಪಾಠಗಳಿವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ 17 ಆಹಾರ ಸೂತ್ರಗಳನ್ನು ಪ್ರಕಟಿಸಿದ್ದು, ಅದನ್ನೂ ಉಚಿತವಾಗಿ ಓದಬಹುದು. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.

ಇಂತಹ ಕಲಿಕೆಯಿಂದ ಸಿಗುವ ಪ್ರಮಾಣಪತ್ರ ಅರಿವಿನ ಗುರುತೇ ಹೊರತು ರೋಗಿಗಳಿಗೆ ಪಥ್ಯ ಬರೆದುಕೊಡಲು ಪರವಾನಿಗೆಯಲ್ಲ. ಯಾರಾದರೂ ಪದವಿಯ ಭರವಸೆ ನೀಡಿದರೆ, ಈ ವರ್ಷ ಈ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ಕೇಳಿ, ಯುಜಿಸಿಯ ಜಾಲತಾಣದಲ್ಲಿ ನೀವೇ ಪರಿಶೀಲಿಸಿ. ‘ಇಂದೇ ಕಟ್ಟಿದರೆ ರಿಯಾಯಿತಿ’ ಎಂಬ ಮಾತಿಗೆ ಅವಸರ ಪಡಬೇಡಿ.

ಹಲಾಲ್ ಆಗಿರುವುದರ ಜೊತೆಗೆ ಆಹಾರ ತಯ್ಯಿಬ್, ಅಂದರೆ ಉತ್ತಮವೂ ಆಗಿರಬೇಕೆಂದು ನಮ್ಮ ಧರ್ಮ ಕಲಿಸುತ್ತದೆ. ಅದನ್ನು ಅರಿಯುವ ಓದು ಇಂದಿನ ಅಡುಗೆಯಿಂದಲೇ ಆರಂಭವಾಗಲಿ.