ನವಜಾತ ಶಿಶುವಿಗೆ ಯಂತ್ರದ ಹೃದಯ-ಶ್ವಾಸಕೋಶ: ಒಂದು ಐತಿಹಾಸಿಕ ವಿವೇಚನೆ

ವೈದ್ಯಕೀಯ ಉಪಕರಣಗಳ ಚರಿತ್ರೆಯು ಇತಿಹಾಸದ ವಿದ್ಯಾರ್ಥಿಗೆ ಅನ್ಯವಿಷಯವೆಂದು ತೋರಬಹುದು. ಆದರೆ ಒಂದು ಯಂತ್ರವು ಮನುಷ್ಯನಿಗೆ ಏನನ್ನು ಕೊಟ್ಟಿತು, ಏನನ್ನು ಕೊಡಲಾರದೆ ಹೋಯಿತು ಎಂಬುದನ್ನು ಆಧಾರಗಳಿಂದ ನಿರ್ಣಯಿಸುವುದು ನಮ್ಮ ಶಾಸ್ತ್ರದ ಕಾರ್ಯವೇ ಆಗಿದೆ. ಹೃದ್ರೋಗಪೀಡಿತ ನವಜಾತ ಶಿಶುಗಳಿಗೆ ಆಸರೆಯಾಗುವ ‘ಎಕ್ಮೋ’ ಎಂಬ ಯಂತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

1931ರಲ್ಲಿ ಬಾಸ್ಟನ್ ನಗರದಲ್ಲಿ, ಶ್ವಾಸಕೋಶದ ಅಪಧಮನಿಯಲ್ಲಿ ರಕ್ತದ ಹೆಪ್ಪು ಸಿಲುಕಿ ಮರಣೋನ್ಮುಖಳಾಗಿದ್ದ ಸ್ತ್ರೀಯೊಬ್ಬಳ ಬಳಿ ರಾತ್ರಿಯಿಡೀ ಕಾದಿದ್ದ ಜಾನ್ ಗಿಬ್ಬನ್ ಎಂಬ ತರುಣ ವೈದ್ಯರಿಗೆ, ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕವನ್ನು ಕೂಡಿಸುವ ಆಲೋಚನೆ ಹೊಳೆಯಿತು. ಅದು ಫಲಿಸಲು ಇಪ್ಪತ್ತೆರಡು ವರ್ಷಗಳು ಹಿಡಿದವು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಅವರ ಯಂತ್ರವು 18 ವರ್ಷದ ಯುವತಿಯ ಹೃದಯ-ಶ್ವಾಸಕೋಶಗಳ ಕಾರ್ಯವನ್ನು 26 ನಿಮಿಷಗಳ ಕಾಲ ವಹಿಸಿಕೊಂಡಿತು. ಅಷ್ಟರಲ್ಲಿ ಹೃದಯದೊಳಗಿನ ರಂಧ್ರವನ್ನು ಮುಚ್ಚಲಾಯಿತು.

ಶಸ್ತ್ರಕ್ರಿಯೆಗೆ ನಿಮಿಷಗಳು ಸಾಕು. ದಣಿದ ಹೃದಯ ಚೇತರಿಸಿಕೊಳ್ಳಲು ದಿನಗಳು ಬೇಕು. ಮೊದಲ ಯಂತ್ರಗಳಲ್ಲಿ ರಕ್ತವು ಆಮ್ಲಜನಕವನ್ನು ನೇರವಾಗಿ ಸೋಕುತ್ತಿದ್ದುದರಿಂದ ಕೆಲವೇ ಗಂಟೆಗಳಲ್ಲಿ ಕೆಡುತ್ತಿತ್ತು. ಇವೆರಡರ ನಡುವೆ ಸಿಲಿಕೋನ್ ರಬ್ಬರಿನ ತೆಳುಪೊರೆಯನ್ನಿರಿಸಿದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು. 1972ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ಬಾರ್ಟ್ಲೆಟ್ ಅವರು, ಹೃದಯದ ಶಸ್ತ್ರಕ್ರಿಯೆಯ ನಂತರ ಕುಸಿದ ಎರಡು ವರ್ಷದ ಬಾಲಕನನ್ನು 36 ಗಂಟೆಗಳ ಯಂತ್ರಾಶ್ರಯದಿಂದ ಉಳಿಸಿಕೊಂಡರು. 1975ರಲ್ಲಿ, ಶ್ವಾಸಕೋಶ ಕೆಟ್ಟಿದ್ದ ನವಜಾತ ಹೆಣ್ಣುಮಗುವೊಂದು ಮೂರು ದಿನಗಳ ಆಸರೆಯಿಂದ ಬದುಕಿತು. ದಾದಿಯರು ಅದಕ್ಕಿಟ್ಟ ಸ್ಪ್ಯಾನಿಷ್ ಹೆಸರಿನ ಅರ್ಥ ‘ಭರವಸೆ’.

ಯಂತ್ರದ ಕ್ರಮ ಹೀಗಿದೆ. ಕತ್ತಿನ ಅಭಿಧಮನಿಯಿಂದ ತೆಗೆದ ರಕ್ತವನ್ನು ಪಂಪು ಪೊರೆಯತ್ತ ನೂಕುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಆಮ್ಲಜನಕ ಸೇರುತ್ತದೆ. ಬೆಚ್ಚಗಾದ ರಕ್ತ ಕತ್ತಿನ ಅಪಧಮನಿಯ ಮೂಲಕ ದೇಹಕ್ಕೆ ಮರಳುತ್ತದೆ. ಮೂರು ಕಿಲೋಗ್ರಾಂ ತೂಕದ ಶಿಶುವಿನಲ್ಲಿರುವ ರಕ್ತ ಸುಮಾರು 250 ಮಿಲಿಲೀಟರು ಮಾತ್ರ; ಆದಕಾರಣ ಕೊಳವೆಗಳನ್ನು ಮೊದಲೇ ದಾನಿಗಳ ರಕ್ತದಿಂದ ತುಂಬಬೇಕಾಗುತ್ತದೆ. ಕೊಳವೆಗಳಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಔಷಧವನ್ನು ಕೊಡುತ್ತಾರೆ. ಅದೇ ಔಷಧದಿಂದ ಶಿಶುವಿನ ಮೆದುಳಿನಲ್ಲಿ ರಕ್ತಸ್ರಾವವಾಗುವ ಭಯವೂ ಉಂಟು.

ಇನ್ನು ಪ್ರಮಾಣದ ಪ್ರಶ್ನೆ. 1985ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಯಂತ್ರವನ್ನು ಪಡೆದ 11 ಶಿಶುಗಳೂ ಬದುಕಿದವು, ಪಡೆಯದ ಒಂದು ಶಿಶು ಮಡಿಯಿತು. ಒಂದೇ ಶಿಶುವಿನೊಡನೆ ಮಾಡಿದ ಈ ಹೋಲಿಕೆ ಅನೇಕರಿಗೆ ಒಪ್ಪಿಗೆಯಾಗಲಿಲ್ಲ. 1996ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ ಎಕ್ಮೋಗೆ ಆಯ್ಕೆಯಾದ 93 ಶಿಶುಗಳಲ್ಲಿ 30, ರೂಢಿಯ ಚಿಕಿತ್ಸೆಗೆ ಆಯ್ಕೆಯಾದ 92ರಲ್ಲಿ 54 ಮೃತಪಟ್ಟವು. ಆದರೆ ಇವು ಶ್ವಾಸವೈಫಲ್ಯದ ಶಿಶುಗಳು. ಈ ತೀರ್ಪನ್ನು ಹೃದ್ರೋಗಕ್ಕೆ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ.

ಏಕೆಂದರೆ ಈ ಯಂತ್ರ ರೋಗವನ್ನು ಗುಣಪಡಿಸುವುದಿಲ್ಲ. ಕಾಲಾವಕಾಶವನ್ನು ಮಾತ್ರ ಕೊಡುತ್ತದೆ. ಹೃದಯವನ್ನು ಸರಿಪಡಿಸಬಹುದಾದರೆ, ಅಥವಾ ಅದು ತಾನೇ ಚೇತರಿಸಿಕೊಳ್ಳುವಂತಿದ್ದರೆ, ಆ ಅವಕಾಶವೇ ಜೀವದಾನ. ಇಲ್ಲವಾದರೆ ಅದು ಮರಣದ ಮುಂದೂಡಿಕೆಯಷ್ಟೆ. ಶಿಶುವನ್ನು ಯಂತ್ರಕ್ಕೆ ಸೇರಿಸುವ ಮುನ್ನ ಈ ಭೇದವನ್ನು ತಾಯ್ತಂದೆಯರಿಗೆ ತಿಳಿಯಹೇಳುವುದು ವೈದ್ಯರ ಮೊದಲ ಕರ್ತವ್ಯವೆಂದು ನಾವು ಭಾವಿಸುತ್ತೇವೆ.