ದೂರವಾಣಿ ಜಾಲದ ಗಣಕಗಳೂ ವಿದ್ಯುತ್ತಿನ ಮಿತವ್ಯಯವೂ

ನಡುರಾತ್ರಿಯಲ್ಲಿ ಬಾಂದ್ರಾ-ಕುರ್ಲಾ ಸಂಕುಲದ ಕಚೇರಿಗಳಲ್ಲಿ ಜನಸಂಚಾರ ತೀರ ವಿರಳ. ಆದರೂ ಅಲ್ಲಿನ ಮೊಬೈಲ್ ಗೋಪುರಗಳು ಎಚ್ಚತ್ತಿರಲೇಬೇಕು. ಯಾವ ಗಳಿಗೆಯಲ್ಲಿ ಯಾರು ಕರೆಯುವರೋ ಹೇಳಲಾಗದು. ಹಗಲಿನ ಸಂದಣಿಗೆಂದು ಇರಿಸಿದ ಯಂತ್ರಗಳೆಲ್ಲ ಇರುಳಿಡೀ ವಿದ್ಯುತ್ತನ್ನು ನುಂಗುತ್ತಿದ್ದರೆ ಅದು ಅಪವ್ಯಯವಲ್ಲದೆ ಮತ್ತೇನು?

ಹಳೆಯ ಪದ್ಧತಿಯಲ್ಲಿ ಪ್ರತಿಯೊಂದು ಗೋಪುರದ ಬುಡದಲ್ಲಿಯೂ ಅದರದೇ ಆದ ಗಣನಯಂತ್ರವಿರುವುದು. ಹೊಸ ಪದ್ಧತಿಯಲ್ಲಾದರೋ ಗೋಪುರದ ಮೇಲೆ ರೇಡಿಯೋ ಭಾಗವಷ್ಟೇ ಉಳಿಯುವುದು. ಅಲೆಗಳೊಳಗಿನ ಮಾತನ್ನೂ ಚಿತ್ರವನ್ನೂ ಬಿಡಿಸುವ ಲೆಕ್ಕಾಚಾರವು ದೂರದ ಕೇಂದ್ರವೊಂದರ ಸಾಮಾನ್ಯ ಸರ್ವರುಗಳಲ್ಲಿ, ತಂತ್ರಾಂಶದ ಮೂಲಕ ನಡೆಯುವುದು. 2020ರ ಏಪ್ರಿಲಿನಲ್ಲಿ ಜಪಾನಿನ ರಾಕುಟೆನ್ ಸಂಸ್ಥೆಯು ಇಂತಹ ಜಾಲವನ್ನು ಸಾರ್ವಜನಿಕ ಸೇವೆಗೆ ತೆರೆಯಿತು. ಹಗಲು ಕಚೇರಿಗಳಿಗಾಗಿ ದುಡಿದ ಗಣಕವೇ ಸಂಜೆ ಚೆಂಬೂರಿನ ಮನೆಗಳಿಗಾಗಿ ದುಡಿಯಬಲ್ಲುದೆಂಬುದೇ ಇಂತಹ ಏರ್ಪಾಡಿನ ಹಿರಿಯ ಅನುಕೂಲ.

ಆದರೆ ಒಂದೆಡೆ ಸೇರಿಸಿದ ಮಾತ್ರಕ್ಕೆ ಉಳಿತಾಯವಾಗದು. ಗೂಗಲ್ ಸಂಸ್ಥೆಯ ಬರೋಸೊ ಮತ್ತು ಹೋಲ್ಸ್‌ಲೆ ಎಂಬವರು 2007ರಲ್ಲಿ ತೋರಿಸಿಕೊಟ್ಟಂತೆ, ಅಂದಿನ ಒಳ್ಳೆಯ ಸರ್ವರ್ ಕೂಡ ಕೆಲಸವಿಲ್ಲದೆ ಕುಳಿತಾಗ ತನ್ನ ಪೂರ್ಣಶಕ್ತಿಯ ಸುಮಾರು ಅರ್ಧವನ್ನು ಬಳಸುತ್ತಿದ್ದಿತು. ಆದುದರಿಂದ ಹತ್ತು ಗಣಕಗಳಿಗೆ ಚೂರುಚೂರು ಹಂಚುವುದಕ್ಕಿಂತ ಮೂರಕ್ಕೆ ತುಂಬ ಕೆಲಸವಿತ್ತು ಏಳನ್ನು ಮಲಗಿಸುವುದು ಲೇಸು. ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಕುಳಿತು ಉಳಿದ ಕೋಣೆಗಳ ದೀಪವಾರಿಸಿದಂತೆ ಇದು. ಎಚ್ಚತ್ತಿರುವ ಗಣಕದಲ್ಲಿಯೂ ಬಿಡುವಿದ್ದಾಗ ವೇಗವನ್ನೂ ವೋಲ್ಟೇಜನ್ನೂ ಇಳಿಸಬಹುದು. ವಿದ್ಯುತ್ತಿನ ವೆಚ್ಚವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಅಲ್ಪ ಇಳಿಕೆಯೂ ಫಲಕಾರಿಯೇ.

ತೊಡಕಿರುವುದು ಕಾಲದಲ್ಲಿ. 4ಜಿ ಪದ್ಧತಿಯಲ್ಲಿ ಫೋನು ಕಳುಹಿಸಿದ ತುಣುಕಿಗೆ ನಾಲ್ಕೇ ಮಿಲಿಸೆಕೆಂಡುಗಳಲ್ಲಿ ಉತ್ತರ ಹೋಗಬೇಕು. ಗಾಢನಿದ್ರೆಯಲ್ಲಿರುವ ಸರ್ವರ್ ಅಷ್ಟರಲ್ಲಿ ಕಣ್ಣು ಕೂಡ ತೆರೆಯದು! ಹೀಗಾಗಿ ಮುಂದಿನ ಹೊರೆಯನ್ನು ನಿನ್ನೆಮೊನ್ನೆಯ ರೂಢಿಯಿಂದ ಊಹಿಸಿ ಮೊದಲೇ ಎಬ್ಬಿಸಿಡಬೇಕು. ಊಹೆ ಹೆಚ್ಚಾದರೆ ವಿದ್ಯುತ್ತು ವ್ಯರ್ಥ. ಕಡಿಮೆಯಾದರೆ ಕರೆಗಳು ಕಡಿಯುವುವು. ಆ ಕರೆ ಆಂಬ್ಯುಲೆನ್ಸಿನದಾಗಿರಬಹುದಾದ ಕಾರಣ ಒಂದಿಷ್ಟು ವ್ಯರ್ಥವನ್ನು ಸಹಿಸುವುದೇ ಯುಕ್ತವೆಂದು ನನಗೆ ತೋರುತ್ತದೆ.

ಹೊರೆಯನ್ನು ಅಳೆಯುವುದೂ ಸುಲಭವಲ್ಲ. ಇಂತಹ ಎಷ್ಟೋ ತಂತ್ರಾಂಶಗಳು "ಏನಾದರೂ ಬಂದಿತೆ?" ಎಂದು ಎಡೆಬಿಡದೆ ಇಣುಕುತ್ತಿರುವುದರಿಂದ, ಬರಿಗೈಯಲ್ಲಿರುವ ಗಣಕವೂ ಮೈಮುರಿದು ದುಡಿಯುತ್ತಿರುವಂತೆ ಕಾಣುವುದು. (ನಮ್ಮ ತರಗತಿಗಳಲ್ಲಿಯೂ ಇಂತಹವರುಂಟು.) ಆದಕಾರಣ ಗಣಕದ ಗಡಿಬಿಡಿಯನ್ನಲ್ಲ, ಹಾದುಹೋದ ಮಾಹಿತಿಯನ್ನು ಎಣಿಸಬೇಕು.

ಇಷ್ಟಾದರೂ ಗೋಪುರದ ವಿದ್ಯುತ್ತಿನಲ್ಲಿ ಸಿಂಹಪಾಲು ಅಲೆಗಳನ್ನು ಬಲಪಡಿಸುವ ರೇಡಿಯೋ ವರ್ಧಕಕ್ಕೇ ಸಲ್ಲುವುದು. ಅದನ್ನು ಮಲಗಿಸುವ ಉಪಾಯಗಳು ಬೇರೆಯೇ ಇವೆ.